ಬೇವಿನ ಗಿಡಕ್ಕೆ ಉಡಿ ತುಂಬಿದ್ದು

ಬಂಗಾರೀ, ಗುಬ್ಬೀ, ಸಣ್ಣಪ್ಪಾ,

ನಿಮ್ಮ ಶಾಲೆಯ ಹೆಸರುಗಳನ್ನು ಇಲ್ಲಿ ಬರೆಯುವುದಿಲ್ಲ. ಅಜ್ಜಿಯಾಗಿ ನಾನು ಕರೆದದ್ದು ಈ ಹೆಸರುಗಳಿಂದಲೇ, ನೀವು ಓಗೊಟ್ಟದ್ದೂ ಇವಕ್ಕೇ. ಉಳಿದವರ ಹೆಸರನ್ನೂ ಬರೆಯುವುದಿಲ್ಲ. ಸತ್ತವರನ್ನು ಹೆಸರು ಹಿಡಿದು ಜಗಳಕ್ಕೆ ಕರೆಯುವುದು ನನಗೆ ಸೇರದು. ಆದರೆ ಜಗಳವನ್ನಂತೂ ಬಿಡುವುದಿಲ್ಲ.

ಗುಬ್ಬೀ, ಹೋದ ವಾರ ನೀನು ಮಾನವಿಗೆ ಹೋಗಿ ಬಂದು ಹೇಳಿದ ಮಾತಿನಿಂದ ಇದು ಶುರುವಾಯಿತು. ನಮ್ಮ ಹಳೆಯ ಮನೆಯ ಅಂಗಳದ ಬೇವಿನ ಗಿಡಕ್ಕೆ ಈಗ ಕಲ್ಲಿನ ಕಟ್ಟೆ ಕಟ್ಟಿದ್ದಾರೆ, ಮಗ್ಗುಲಲ್ಲಿ ತಗಡಿನ ಚಪ್ಪರ ಹಾಕಿದ್ದಾರೆ, ಸೀಳು ಬೇವಿನವ್ವ ಎಂದು ಕರೆಯುತ್ತಾರೆ, ಮಂಗಳವಾರ ಕಾಯಿ ಒಡೆಸಲು ಜನ ಸಾಲು ನಿಲ್ಲುತ್ತಾರೆ ಎಂದೆ. ಅಷ್ಟೇ ಆಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ಅಲ್ಲಿ ಪೂಜೆ ಮಾಡುವಾಕೆ ನಿನಗೆ ಕಥೆಯನ್ನೂ ಹೇಳಿದಳಂತೆ. ದೇವಿ ಗಿಡದ ಹೊಟ್ಟೆ ಸೀಳಿ ಹೊರಗೆ ಬಂದಳಂತೆ. ನಿಮ್ಮ ದೊಡ್ಡಜ್ಜ, ಅಂದರೆ ನಿಮ್ಮ ಅಜ್ಜನ ಅಣ್ಣ, ಅವರ ಕನಸಿನಲ್ಲಿ ನಿಂತು ‘ನನ್ನ ಗಾಯ ಮುಚ್ಚು’ ಎಂದಳಂತೆ. ಅವರು ಮುಚ್ಚಿದರಂತೆ.

ಅವರು ಮುಚ್ಚಲಿಲ್ಲ. ನಾನು ಮುಚ್ಚಿದೆ. ಇನ್ನು ಕನಸಿನ ಮಾತು. ದೊಡ್ಡಜ್ಜ ಮಲಗಿದರೆ ಅವರ ಗೊರಕೆ ಓಣಿಯ ಕೊನೆಯವರೆಗೆ ಕೇಳುತ್ತಿತ್ತು. ಆ ಸದ್ದಿನಲ್ಲಿ ಯಾವ ದೇವಿಗೂ ಒಂದು ಮಾತು ಆಡಲು ಎಡೆ ಇರಲಿಲ್ಲ.

ನಾನು ನಾಲ್ಕು ಜನರ ಎದುರು ಬಾಯಿ ಬಿಡುವವಳಲ್ಲ, ನಿಮಗೆ ಗೊತ್ತು. ಬೀಗರು ಬಂದರೆ ಅಡಿಗೆಮನೆ ಸೇರುತ್ತೇನೆ. ಇದನ್ನು ಬಾಯಿಂದ ಹೇಳಹೊರಟರೆ ಅರ್ಧಕ್ಕೇ ನಿಲ್ಲಿಸಿ ಚಹಾ ಮಾಡಲು ಎದ್ದುಬಿಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ. ಕಾಗದಕ್ಕೆ ಮುಖವಿಲ್ಲ, ಅದರ ಎದುರು ನನಗೆ ನಾಚಿಕೆಯೂ ಇಲ್ಲ.

ನನ್ನ ತವರು ದೇವದುರ್ಗದ ಕಡೆಯ ಒಂದು ಹಳ್ಳಿ. ಗುಡಿಯ ಪಡಸಾಲೆಯಲ್ಲಿ ನಡೆಯುತ್ತಿದ್ದ ಶಾಲೆಯಲ್ಲಿ ಉಸುಕಿನ ಮೇಲೆ ಬೆರಳಿಂದ ತಿದ್ದಿ ಅಕ್ಷರ ಕಲಿತೆ. ಪುಸ್ತಕದಲ್ಲಿ ‘ಮರ’ ಎಂದಿತ್ತು. ಹುಡುಗಿಯರೆಲ್ಲ ನಕ್ಕೆವು. ನಮ್ಮ ಕಡೆ ಮರ ಎಂದರೆ ಜೋಳ ಕೇರುವ ಮೊರ. ಬೇವಿರಲಿ, ಹುಣಸೆಯಿರಲಿ, ನೂರು ವರ್ಷದ್ದಿರಲಿ, ನಿನ್ನೆ ನೆಟ್ಟದ್ದಿರಲಿ, ಎಲ್ಲವೂ ಗಿಡವೇ. ಮಾಸ್ತರರು ಸಿಟ್ಟಾದರು. ನಾನು ಪುಸ್ತಕ ನೋಡಿ ಮರ ಎಂದು ಓದಿದೆ, ಮನೆಗೆ ಬಂದು ಗಿಡ ಎಂದೆ. ಈ ಹಾಳೆಗಳಲ್ಲೂ ಗಿಡ ಎಂದೇ ಬರೆಯುತ್ತೇನೆ.

ಮಾನವಿಗೆ ಮದುವೆಯಾಗಿ ಬಂದೆ. ಯುದ್ಧ ನಡೆದಿದ್ದ ವರ್ಷಗಳಲ್ಲಿ ನಿಮ್ಮ ಅಜ್ಜ ಜ್ವರ ಬಂದು ತೀರಿಕೊಂಡರು. ನಿಮ್ಮ ಅಪ್ಪ ಆಗ ಇನ್ನೂ ತೊದಲುತ್ತಿದ್ದ. ಕುಂಕುಮ ಹೋಯಿತು, ಬಳೆ ಹೋದವು. ನಡುಮನೆಯಲ್ಲಿ ಇದ್ದವಳಿಗೆ ಹಿತ್ತಿಲ ಕಡೆಯ ಒಂದು ಕೋಣೆ ಬಂತು. ಆ ಕೋಣೆಯ ಬಾಗಿಲು ಅಂಗಳಕ್ಕೆ ತೆರೆಯುತ್ತಿತ್ತು, ಅಂಗಳದಲ್ಲಿ ಆ ಬೇವಿನ ಗಿಡ ಇತ್ತು. ರಾಯಚೂರ ಸೀಮೆಯ ಬೇಸಿಗೆ ನಿಮಗೆ ನಾನು ಹೇಳಬೇಕಿಲ್ಲ. ಆ ನೆರಳಿನಲ್ಲೇ ಜೋಳ ಹಸನು ಮಾಡಿದೆ, ಬೇಳೆ ಒಡೆದೆ, ಕೌದಿ ಹೊಲಿದೆ. ನಿಮ್ಮ ಅಪ್ಪನಿಗೆ ಅಕ್ಷರ ತಿದ್ದಿಸಿದ್ದೂ ಅಲ್ಲೇ, ಉಸುಕಿನ ಮೇಲೆ. ಮನೆಯ ಒಳಗೆ ಎಲ್ಲಿ ಕೂತರೂ ಯಾರಿಗಾದರೂ ಅಡ್ಡ ಬರುತ್ತಿದ್ದೆ. ಆ ಗಿಡದ ಕೆಳಗೆ ಕೂತರೆ ‘ಏಳು’ ಎನ್ನುವವರು ಇರಲಿಲ್ಲ.

ಹಾಗೆ ಒಂದೆರಡು ವರ್ಷ ಕಳೆದ ಮೇಲೆ, ಮುಂಗಾರು ಹಿಡಿಯುವ ಮಿರಗದ ಮಳೆಗೆ ಮೊದಲು ಒಂದು ಗಾಳಿ ಎದ್ದಿತು. ಮಣ್ಣು, ಕಸ, ಯಾರದೋ ಮನೆಯ ಚಾಪೆ, ಎಲ್ಲ ಆಕಾಶದಲ್ಲಿ ಹಾರಾಡಿದವು. ಆ ಗಾಳಿಗೆ ಗಿಡದ ಎರಡು ದೊಡ್ಡ ಕೊಂಬೆಗಳಲ್ಲಿ ಒಂದು ಕಿತ್ತು ದನದ ಕೊಟ್ಟಿಗೆಯ ಮೇಲೆ ಬಿತ್ತು. ಬೀಳುವಾಗ ಬೊಡ್ಡೆಯನ್ನೂ ಆಳೆತ್ತರದವರೆಗೆ ಸೀಳಿತು. ಒಳಗೆ ನೋಡಿದರೆ ಪೊಳ್ಳು. ಗೆದ್ದಲು, ನಮ್ಮ ಬಾಯಲ್ಲಿ ಒರಲಿ, ಎಷ್ಟು ವರ್ಷದಿಂದ ತಿಂದಿದ್ದವೋ! ಇಷ್ಟು ವರ್ಷ ಈ ಗಿಡ ಬರೀ ತೊಗಟೆಯ ಮೇಲೆ ನಿಂತು ನಮಗೆ ನೆರಳು ಕೊಟ್ಟಿತ್ತು.

ದೊಡ್ಡಜ್ಜ ನನಗೆ ಭಾವ ಆಗಬೇಕು. ಭಾವನ ಎದುರು ನಿಂತು ಸೊಸೆ ಮಾತಾಡುವ ಪದ್ಧತಿ ಆಗ ಇರಲಿಲ್ಲ. ಬಾಗಿಲ ಮರೆಯಲ್ಲಿ ತಲೆಯ ಮೇಲೆ ಸೆರಗು ಹೊದ್ದು ನಿಂತು, ಅತ್ತೆಗೆ ಹೇಳಿದಂತೆ ಮಾಡಿ ಹೇಳಬೇಕು. ಭಾವನೂ ಅತ್ತೆಗೆ ಹೇಳಿದಂತೆ ಮಾಡಿ ನನಗೆ ಹೇಳಬೇಕು. ಅತ್ತೆ ನಡುವೆ ಎಲೆಯಡಿಕೆ ಕುಟ್ಟುತ್ತ ಕೂತಿರುತ್ತಿದ್ದರು.

“ಯವ್ವಾ, ಆಕಿಗಿ ಹೇಳು,” ಎಂದರು ಭಾವ. “ಸೀಳಿದ ಗಿಡ ಅಂಗಳದಾಗ ಇಟ್ಕೊಂಡು ಮಗಳ ಲಗ್ನ ಹೆಂಗ ಮಾಡ್ಲಿ? ಬೀಗರು ನೋಡಿದ್ರ ಏನಂದಾರು? ಬುಡಕ್ಕ ಕೊಡ್ಲಿ ಹಾಕಸ್ತೀನಿ.”

“ಅತ್ತೀ,” ಎಂದೆ ನಾನು ಮರೆಯಿಂದ, “ಅರ್ಧ ಸೀಳೇದ, ಅರ್ಧ ಗಟ್ಟಿ ಅದ. ನೋಡಾಮು, ಬಿತ್ತಿಗಿ ಮುಗಿಯೋತನಕ ತಡೀರಿ ಅಂತ ಹೇಳ್ರಿ.”

ಅತ್ತೆ ಕುಟ್ಟುವುದನ್ನು ನಿಲ್ಲಿಸಿದರು. “ಅಲ್ಲ, ಅಂವ ಹೇಳಿದ್ದು ಆಕಿಗಿ ಕೇಳಸ್ತದ. ಆಕಿ ಹೇಳಿದ್ದು ಅಂವಗ ಕೇಳಸ್ತದ. ಕಿವಿ ಮಂದ ಇದ್ದಾಕಿ ನಾನೊಬ್ಬಾಕಿ. ನನ್ನ ಯಾಕ ನಡುವ ಕುಂದರ್ಸೀರಿ?”

ಬಿತ್ತನೆಯ ಹೊತ್ತಿನಲ್ಲಿ ಕೊಡಲಿ ಹಿಡಿಯುವ ಆಳು ಯಾರೂ ಸಿಗುವುದಿಲ್ಲ ಎಂಬುದು ಭಾವನಿಗೂ ಗೊತ್ತಿತ್ತು. “ಬಿತ್ತಿಗಿ ಮುಗೀಲಿ. ಹಂದರ ಹಾಕೋದ್ರಾಗ ಅಂಗಳ ಹಸನಾಗಿರಬೇಕು, ಅಷ್ಟ,” ಎಂದು ಎದ್ದು ಹೋದರು. ಮಗಳ ಮದುವೆ ಎಳ್ಳಮಾಸೆ ಕಳೆದ ಮೇಲೆ, ಮಾಘದಲ್ಲಿ ಗೊತ್ತಾಗಿತ್ತು. ಅಲ್ಲಿಯವರೆಗೆ ಗಿಡ ನನ್ನದು ಎಂದುಕೊಂಡೆ.

ಮೊದಲು ಸೀಳನ್ನು ಕಟ್ಟಿದೆ. ತೊಗಟೆ ಕೊಯ್ಯಬಾರದೆಂದು ಹಳೆಯ ಗೋಣಿಚೀಲ ಸುತ್ತಿ, ಮೇಲೆ ಪುಂಡಿ ನಾರಿನ ಹಗ್ಗ ಹಾಕಿ, ಹಗ್ಗದಲ್ಲಿ ಒಂದು ಕೋಲು ಸಿಕ್ಕಿಸಿ ತಿರುವಿ ಬಿಗಿದೆ. ಹೆಣ್ಣುಮಕ್ಕಳಿಗೆ ಹೆರಿಗೆಯಾದ ಮೇಲೆ ಹೊಟ್ಟೆ ಕಟ್ಟುವ ಹಾಗೆ. ಆಮೇಲೆ ಕಳೆ ತೆಗೆಯುವ ಕುರುಪಿಯಿಂದ ಪೊಟರೆಯೊಳಗಿನ ಕೊಳೆತದ್ದನ್ನೆಲ್ಲ ಕೆರೆದು ತೆಗೆದೆ. ಕೆರೆಯುತ್ತ ಹೋದರೆ ಬುಟ್ಟಿ ಬುಟ್ಟಿ ಹಿಟ್ಟು. ಗಟ್ಟಿ ಕಟ್ಟಿಗೆ ಸಿಗುವವರೆಗೂ ಕೆರೆದೆ. ಸುಣ್ಣದ ನೀರು ಹಾಕಿದೆ, ಬೇವಿನೆಣ್ಣೆ ಹಚ್ಚಿದೆ. ಬೇವಿಗೇ ಬೇವಿನೆಣ್ಣೆ ಹಚ್ಚುವಾಗ ನನಗೇ ನಗು ಬಂತು.

ಚೀಕಲಪರ್ವಿಗೆ ಹೋದ ಗಾಡಿಯವನಿಗೆ ಹೇಳಿ ಹೊಳೆಯ ಜಿಗುಟು ಮಣ್ಣು ತರಿಸಿ, ಕಲ್ಲು, ಇಟ್ಟಿಗೆ ಚೂರು ಇಟ್ಟು ಮೆತ್ತಿದೆ. ಎರಡು ಬಿಸಿಲು ಕಂಡ ಮೇಲೆ ಅದು ಬಿರುಕು ಬಿಟ್ಟು ಚಕ್ಕೆ ಚಕ್ಕೆಯಾಗಿ ಬಿದ್ದುಹೋಯಿತು. ಅತ್ತೆ ಬಂದು ನೋಡಿ, “ಚಂದ ಆಗ್ಯಾದ. ಇನ್ನೊಮ್ಮಿ ಮೆತ್ತು, ಇನ್ನೊಮ್ಮಿ ಬೀಳತದ,” ಎಂದರು.

ತಪ್ಪು ಎಲ್ಲಿ ಎಂದು ಕೂತು ಯೋಚಿಸಿದೆ. ತವರಿನಲ್ಲಿ ಹಗೇವು ಇತ್ತು. ನೆಲದಲ್ಲಿ ಬಾವಿಯ ಹಾಗೆ ತೋಡಿ ಜೋಳ ತುಂಬಿಡುವ ಕಣಜ ಅದು. ನಮ್ಮವ್ವ ಅದರ ಬಾಯಿ ಮುಚ್ಚುವಾಗ ಬರೀ ಮಣ್ಣನ್ನು ಎಂದೂ ಹಚ್ಚುತ್ತಿರಲಿಲ್ಲ. ಸಗಣಿ, ಬೂದಿ, ಹೊಟ್ಟು ಕಲಸಿ ಕೊಳೆಹಾಕಿ, ನಾತ ಹೊಡೆಯತೊಡಗಿದ ಮೇಲೆ ಮೆತ್ತುತ್ತಿದ್ದಳು. ‘ಮಣ್ಣಿಗಿ ಒಂದು ಹಿಡಿತ ಬೇಕವ್ವ’ ಎನ್ನುತ್ತಿದ್ದಳು. ನಾನೂ ಹಾಗೇ ಕಲಸಿ ಇಟ್ಟೆ. ಅಂಗಳಕ್ಕೆ ಬಂದವರೆಲ್ಲ ಮೂಗು ಮುಚ್ಚಿಕೊಂಡರು.

ಆ ಕೆಸರನ್ನು ತುಂಬುತ್ತಿದ್ದ ದಿನ ಮಗ್ಗುಲು ಮನೆಯಾಕೆ ಗೋಡೆಯ ಮೇಲಿಂದ ಇಣುಕಿದಳು. ಮುತ್ತೈದೆ, ದೊಡ್ಡ ಕುಂಕುಮದಾಕೆ, ನಾಲಗೆ ಕುಂಕುಮಕ್ಕಿಂತ ದೊಡ್ಡದು.

“ಏನಬೇ ಅದು, ಗಿಡಕ್ಕ ಉಡಿ ತುಂಬಾಕತ್ತೀ? ನಿನ್ನ ಉಡಿ ಬರಿದಾತಂತ ಗಿಡದ್ದು ತುಂಬತೀಯೇನು?”

ಅವರ ಮನೆಯ ಒಳಗೆ ಯಾರೋ ಕಿಸಕ್ಕನೆ ನಕ್ಕರು.

ಸಣ್ಣಪ್ಪಾ, ನೀನು ಗಂಡು, ನಿನಗೆ ಈ ಮಾತಿನ ಚೂಪು ಗೊತ್ತಾಗಲಿಕ್ಕಿಲ್ಲ. ಹೆಣ್ಣುಮಗಳು ತವರಿಗೆ ಹೋದರೆ, ಯಾರ ಮನೆಗೆ ಊಟಕ್ಕೆ ಹೋದರೆ, ಬಸುರಿಯಾದರೆ, ಅವಳ ಸೆರಗಿನ ಮಡಿಲಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಎಲೆಯಡಿಕೆ, ಕುಬುಸದ ಕಣ ಹಾಕಿ ಕಳಿಸುತ್ತಾರೆ. ಅದು ಉಡಿ. ಗಂಡ ಸತ್ತವಳಿಗೆ ಅದು ಇಲ್ಲ. ಅವಳು ಬೇರೆಯವರಿಗೆ ತುಂಬುವಂತೆಯೂ ಇಲ್ಲ. ಉಡಿ ತುಂಬುವ ಹೊತ್ತಿಗೆ ನಾನು ಎದ್ದು ಹೊರಗೆ ಹೋಗುವುದನ್ನು ಅಭ್ಯಾಸ ಮಾಡಿಕೊಂಡಿದ್ದೆ. ಯಾರಿಗೂ ‘ಹೋಗು’ ಎನ್ನುವ ಕಷ್ಟ ಕೊಡುತ್ತಿರಲಿಲ್ಲ.

ನನಗೆ ಉತ್ತರ ಯಾವಾಗಲೂ ಮರುದಿನ ಹೊಳೆಯುತ್ತದೆ. ಆದರೆ ಅಂದು ಕೈ ತೊಳೆದುಕೊಂಡು ಒಳಗೆ ಹೋಗಿ ಟ್ರಂಕು ತೆಗೆದೆ. ತಳದಲ್ಲಿ ನನ್ನ ಮದುವೆಯ ಹಸಿರು ಕುಬುಸ ಇತ್ತು. ಹಾಕುವಂತಿರಲಿಲ್ಲ, ಯಾರಿಗೂ ಕೊಡುವಂತಿರಲಿಲ್ಲ, ವಿಧವೆಯ ಕುಬುಸ ಯಾರು ತೊಡುತ್ತಾರೆ? ಮಣ್ಣಿಗೆ ಹಿಡಿತ ಹೇಗೂ ಬೇಕಿತ್ತು. ಅದನ್ನು ಆ ಕೆಸರಿನಲ್ಲಿ ಅದ್ದಿ, ಮಡಚಿ, ಪೊಟರೆಯ ಆಳದಲ್ಲಿ ಕಲ್ಲುಗಳ ನಡುವೆ ಇಟ್ಟೆ. ಮೇಲೆ ಮೆತ್ತಿದೆ. ಹೌದು, ಉಡಿಯನ್ನೇ ತುಂಬಿದೆ. ಯಾರಿಗೆ ಏನು ಮಾಡಿಕೊಳ್ಳಬೇಕೋ ಮಾಡಿಕೊಳ್ಳಲಿ ಎಂದುಕೊಂಡೆ. ಅದು ಬಿರುಕು ಬಿಡಲಿಲ್ಲ.

ಸಣ್ಣಪ್ಪಾ, ಪೊಟರೆ ತುಂಬಬಾರದು, ಒಳಗೆ ನೀರು ನಿಂತು ಕೊಳೆಯುತ್ತದೆ ಎಂದು ನಿನ್ನ ಕೃಷಿ ಪುಸ್ತಕದಲ್ಲಿ ಇದೆಯಂತೆ. ಇರಬಹುದು. ನಿನ್ನ ಪುಸ್ತಕ ನನ್ನ ಕೈಗೆ ಬರುವ ಹೊತ್ತಿಗೆ ನಾನು ತುಂಬಿ ಎಷ್ಟೋ ಕಾಲವಾಗಿತ್ತು, ಗಿಡವೂ ನಿಂತಿತ್ತು. ಬುಡದಲ್ಲಿ ನೀರು ಇಳಿಯಲು ಒಂದು ಕಿಂಡಿ ಬಿಟ್ಟಿದ್ದೆ, ಅದನ್ನೂ ಬರೆದುಕೋ.

ಶ್ರಾವಣ ಕಳೆಯುವ ಹೊತ್ತಿಗೆ ಗಾಯದ ಮಗ್ಗುಲಲ್ಲೇ ಒಂದು ಚಿಗುರು ಬಂತು. ಬೇವಿನ ಎಳೆ ಚಿಗುರು ಕೆಂಪಗಿರುತ್ತದೆ, ಹುಟ್ಟಿದ ಕೂಸಿನ ಕಿವಿಯ ಹಾಗೆ. ದಿನಾ ಎದ್ದವಳೇ ಹೋಗಿ ಅದನ್ನು ನೋಡುತ್ತಿದ್ದೆ.

ದಸರೆಗೆ ಮೊದಲು ಊರಿನ ಮನೆಗಳೆಲ್ಲ ಸುಣ್ಣ, ಕೆಮ್ಮಣ್ಣು ಕಾಣುತ್ತವೆ. ನಮ್ಮ ಗೋಡೆಗಳಿಗೆ ಹಚ್ಚಿ ಉಳಿದದ್ದನ್ನು ಚೆಲ್ಲುವ ಬದಲು ನಾನು ಗಿಡಕ್ಕೆ ಹಚ್ಚಿದೆ. ಸುಣ್ಣ ಹಚ್ಚಿದರೆ ಇರುವೆ ಏರುವುದಿಲ್ಲ, ಕೆಮ್ಮಣ್ಣು ಹಚ್ಚಿದರೆ ಒರಲಿ ಹತ್ತುವುದಿಲ್ಲ. ಮೆತ್ತಿದ ಜಾಗಕ್ಕೆ ಬಿಳಿ ಬಳಿದು, ಅದರ ಮೇಲೆ ಕೆಂಪು ಪಟ್ಟಿ ಎಳೆದೆ. ಎಳೆಯುವಾಗ ಸ್ವಲ್ಪ ನೆಟ್ಟಗೆ, ಚಂದ ಬರಲಿ ಎಂದು ಎಳೆದೆ. ಅಲ್ಲೇ ಎಡವಟ್ಟಾಯಿತು.

ನಮ್ಮ ಸೀಮೆಯಲ್ಲಿ ಬಿಳಿಯ ಮೇಲೆ ಕೆಂಪು ಪಟ್ಟಿ ಎಂದರೆ ಗುಡಿ. ಅದರಲ್ಲೂ ಬೇವಿನ ಗಿಡ. ಅದರಲ್ಲೂ ದಸರೆ. ಸಂತೆಗೆ ಹೊರಟ ಹೆಂಗಸರು ಮೋಟು ಗೋಡೆಯ ಮೇಲಿಂದ ನೋಡಿ ನಿಂತರು, ಬುಟ್ಟಿ ಇಳಿಸಿದರು, ಕೈ ಮುಗಿದರು. ಮರುದಿನ ಬುಡದಲ್ಲಿ ಹೂವಿತ್ತು. ಆಮೇಲೆ ಕುಂಕುಮ, ಆಮೇಲೆ ಹಸಿರು ಬಳೆ. ಯಾರೋ ಹೇಳಿದರು ಸೀಳಿನೊಳಗಿಂದ ಬಂದಾಳ ಎಂದು. ಇನ್ನೊಬ್ಬರು ಹೇಳಿದರು ರಾತ್ರಿ ಗೆಜ್ಜೆ ಸದ್ದು ಕೇಳಿತು ಎಂದು. ಒಂದು ಮಂಗಳವಾರ ಮಗ್ಗುಲು ಮನೆಯಾಕೆಯೇ ಬಂದಳು. ತಲೆಗೆ ಎರೆದುಕೊಂಡು, ರೇಷ್ಮೆ ಉಟ್ಟು, ತಟ್ಟೆಯಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಕುಬುಸದ ಕಣ ಹಿಡಿದು. ಕಣ್ಣು ಮುಚ್ಚಿ, ನಾನು ಮೆತ್ತಿದ ಮಣ್ಣಿಗೆ ಉಡಿ ತುಂಬಿದಳು.

ನಾನು ಬಾಗಿಲಲ್ಲಿ ನಿಂತು ನೋಡಿದೆ. ಏನೂ ಹೇಳಲಿಲ್ಲ. ಅದಕ್ಕೆ ಈಗಲೂ ನಾಚುವುದಿಲ್ಲ. ದೇವಿಯಿದ್ದ ಗಿಡವನ್ನು ಯಾರು ಕಡಿದಾರು? ನಾನು ಬೇಡದೆ, ಸುಳ್ಳು ಹೇಳದೆ ಗಿಡ ಉಳಿಯುತ್ತಿತ್ತು.

ಭಾವನ ಧಾಟಿಯೂ ಬದಲಾಯಿತು. ಮೊದಲು ಜನರನ್ನು ಗದರಿದವರು ಆಮೇಲೆ ಮನೆಯ ಜಗುಲಿಯ ಮೇಲೆ ಕೂತು ಬಂದವರಿಗೆ ನೀರು ಕೊಡಿಸತೊಡಗಿದರು. ಒಂದು ದಿನ ಕನಸೂ ಬಿತ್ತು. ಅದೂ ಹೇಳುತ್ತ ಹೇಳುತ್ತ ಉದ್ದವಾಯಿತು. ಮೊದಲ ವಾರ ದೇವಿ ದೂರದಲ್ಲಿ ನಿಂತಿದ್ದಳು, ಮುಂದಿನ ವಾರ ಹತ್ತಿರ ಬಂದಳು, ದೀಪಾವಳಿಯ ಹೊತ್ತಿಗೆ ಅವರ ಹೆಸರು ಹಿಡಿದು ಕರೆದಳು.

ಒಂದು ದಿನ ಊಟಕ್ಕೆ ಕೂತಾಗ ಹೇಳಿದರು. “ಯವ್ವಾ, ಆಕಿಗಿ ಹೇಳು. ಇನ್ನ ಮ್ಯಾಲ ಗಿಡದ ಹಂತ್ಯಾಕ ಹೋಗಬ್ಯಾಡಂತ. ದೇವಿ ಜಾಗಾ. ಕುಂಕುಮ ಇಲ್ಲದಾಕಿ ಮುಟ್ಟಬಾರದು.”

ಅತ್ತೆಯ ಹಣೆಯಲ್ಲೂ ಕುಂಕುಮ ಇರಲಿಲ್ಲ. ಅವರು ಕಿವಿ ಕೇಳಿಸದವರ ಹಾಗೆ ರೊಟ್ಟಿ ಮುರಿದರು.

ಅಂದಿನಿಂದ ನಾನು ನನ್ನ ಕೋಣೆಯ ಬಾಗಿಲಿಂದ ಗಿಡವನ್ನು ನೋಡಬೇಕಾಯಿತು. ಗಿಡ ಉಳಿಯಿತು, ನನಗೆ ಇಲ್ಲವಾಯಿತು. ಜೋಳ ಹಸನು ಮಾಡಲು ಬಿಸಿಲಿಗೆ ಹೋದೆ. ಅದನ್ನೂ ಸಹಿಸುತ್ತಿದ್ದೆನೇನೋ. ಆದರೆ ಅವರು ಗಿಡವನ್ನು ಕೊಲ್ಲುತ್ತಿದ್ದರು. ನಾನು ಬಿಟ್ಟ ಕಿಂಡಿಯಲ್ಲಿ ಕುಂಕುಮ, ಅಕ್ಕಿ ತುಂಬಿ ನೀರು ನಿಂತಿತು. ದೀಪದ ಎಣ್ಣೆಗೆ ಇಲಿಗಳು ಬಂದವು. ಬುಡಕ್ಕೆ ತಾಗಿಸಿ ಕರ್ಪೂರ ಸುಟ್ಟು ಸುಟ್ಟು ತೊಗಟೆ ಕರಿಯಾಯಿತು. ಹೋಗುವವರು ಬರುವವರು ಕೊಂಬೆಗೆ ದಾರ ಬಿಗಿದರು. ಒಂದು ಬೆಳಿಗ್ಗೆ ನೋಡಿದರೆ ಗಾಯದ ಮಗ್ಗುಲಿನ ಆ ಕೆಂಪು ಚಿಗುರು ಕರ್ಪೂರದ ಉರಿಗೆ ಮುರುಟಿ ಜೋತುಬಿದ್ದಿತ್ತು.

ಮುಂದಿನ ಮಂಗಳವಾರ ಅಂಗಳ ತುಂಬ ಹೆಂಗಸರು. ಭಾವ ದೇವಿಗೆ ಬೆಳ್ಳಿಯ ಕಣ್ಣು ಮಾಡಿಸಿ ತಂದಿದ್ದರು. ಮೆತ್ತಿದ ಮಣ್ಣಿನಲ್ಲಿ ಮೊಳೆ ನಿಲ್ಲುವುದಿಲ್ಲವೆಂದು, ಗಾಯದ ಎರಡೂ ಬದಿಯ ಹಸಿ ತೊಗಟೆಯ ಮೇಲೆ ಬೆರಳಿಟ್ಟು ಜಾಗ ನೋಡಿದರು. ಗಿಡಕ್ಕೆ ಉಳಿದಿದ್ದ ಜೀವವೆಲ್ಲ ಆ ಎರಡು ಪಟ್ಟಿಯಲ್ಲೇ ಓಡಾಡುತ್ತಿತ್ತು. ಕೈಯಲ್ಲಿ ಸುತ್ತಿಗೆ, ಗಾಡಿಗೆ ಬಡಿಯುವ ಉದ್ದ ಮೊಳೆ.

ಯಾವಾಗ ಹೊಸ್ತಿಲು ದಾಟಿದೆನೋ ನೆನಪಿಲ್ಲ. ಒಂದು ಕೈಯಲ್ಲಿ ಹಸಿ ಅರಿವೆ, ಇನ್ನೊಂದರಲ್ಲಿ ನೀರಿನ ತಂಬಿಗೆ ಇತ್ತು, ಅದು ನೆನಪಿದೆ.

“ಭಾವಾ, ಮೊಳಿ ಬಡೀಬ್ಯಾಡ್ರಿ,” ಎಂದೆ.

ಅವರು ಅಭ್ಯಾಸಬಲದಿಂದ ಅತ್ತೆಯ ಕಡೆ ತಿರುಗಿದರು. “ಯವ್ವಾ, ಆಕಿಗಿ ಹೇಳು...”

“ಅತ್ತಿಗಿ ಯಾಕ ಹೇಳ್ತೀರಿ? ನಾ ಇಲ್ಲೇ ನಿಂತೀನಿ, ನನಗ ಹೇಳ್ರಿ.”

ನನ್ನ ದನಿ ನನಗೇ ಬೇರೆಯವರದು ಅನಿಸಿತು. ನಿಲ್ಲಿಸಿದರೆ ಇನ್ನೆಂದೂ ಬಾರದು ಎಂದು ಹೆದರಿ ಒಂದೇ ಉಸಿರಿಗೆ ಹೇಳಿದೆ. “ಇಲ್ಲಿ ಯಾವ ದೇವೀನೂ ಬಂದಿಲ್ರಿ. ಇದು ಚೀಕಲಪರ್ವಿ ಹೊಳಿ ಮಣ್ಣು, ಸಗಣಿ, ಜ್ವಾಳದ ಹೊಟ್ಟು. ಮೆತ್ತಿದಾಕಿ ನಾನು. ಪಟ್ಟಿ ಎಳದಾಕಿನೂ ನಾನ, ಒರಲಿ ಹತ್ತಬಾರದಂತ.”

ಹೇಳಿ, ತಂಬಿಗೆಯ ನೀರು ಹಾಕಿ ಪಟ್ಟಿಗಳನ್ನು ಒರೆಸತೊಡಗಿದೆ. ಕೆಂಪು ನೀರು ಬೊಡ್ಡೆಯ ಗುಂಟ ಇಳಿಯಿತು. ಹಿಂದಿನಿಂದ ಯಾರೋ ಚೀರಿದರು. “ಯವ್ವಾ, ರಗತಾ! ದೇವೀಗಿ ರಗತಾ ಬರಾಕತ್ತೇದ!”

“ರಗತ ಅಲ್ಲಬೇ, ಕೆಮ್ಮಣ್ಣು. ನಿಮ್ಮ ಮನಿ ಗ್ವಾಡಿಗಿನೂ ಅದ ಹಚ್ಚೀರಿ.”

ಮಗ್ಗುಲು ಮನೆಯಾಕೆ ಎದೆಯ ಮೇಲೆ ಕೈಯಿಟ್ಟುಕೊಂಡಳು. “ಲಕ್ವಾ ಹೊಡದು ಕೈ ಸೇದಿ ಹೋಗ್ತಾವ ನಿನ್ನವು! ಮುಂಡೇದಕ್ಕ ಎಷ್ಟು ಧೈರ್ಯ ನೋಡು!”

“ಮೆತ್ತೂವಾಗ ಸೇದಲಿಲ್ಲ. ಒರಸೂವಾಗ ಸೇದಿದ್ರ ನೋಡಾಮು.” ಅಂದು ಉತ್ತರ ಮರುದಿನದವರೆಗೆ ಕಾಯಲಿಲ್ಲ. “ಯಕ್ಕಾ, ಗಿಡಕ್ಕ ಉಡಿ ತುಂಬತೀಯೇನು ಅಂತ ನೀನ ಕೇಳಿದ್ದಿ. ತುಂಬೀನಿ. ಇದರ ಹೊಟ್ಟ್ಯಾಗ ನನ್ನ ಲಗ್ನದ ಹಸರ ಕುಬಸ ಇಟ್ಟೀನಿ. ನೀವೆಲ್ಲಾರೂ ಇಷ್ಟು ದಿನ ಉಡಿ ತುಂಬಿದ್ದು ದೇವಿಗಲ್ಲ. ನನ್ನ ಕುಬಸಕ್ಕ.”

ಒಬ್ಬೊಬ್ಬರೇ ತಮ್ಮ ತಟ್ಟೆಯನ್ನು ನೋಡಿಕೊಂಡರು. ತಾವು ಇಷ್ಟು ವಾರ ಒಬ್ಬ ವಿಧವೆಗೆ ಉಡಿ ತುಂಬಿ, ಕಣ್ಣು ಮುಚ್ಚಿ, ಕೈ ಮುಗಿದು ಹೋಗಿದ್ದೇವೆ ಎಂಬುದು ಮೆಲ್ಲಗೆ ಇಳಿಯುತ್ತಿತ್ತು. ಹಿಂದೆ ನಿಂತಿದ್ದ ಒಬ್ಬ ಮುದುಕಿ ಮಾತ್ರ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು.

ಭಾವನ ಮುಖ ಕೆಮ್ಮಣ್ಣಿನ ಬಣ್ಣವಾಗಿತ್ತು. ಅವರೂ ಮೊದಲ ಸಲ ನನ್ನ ಜೊತೆ ನೇರ ಮಾತಾಡಿದರು. “ದೇವಿ ಅಲ್ಲಂದ್ರ ಬರೇ ಗಿಡ. ಗಿಡ ಅಂದ್ರ ಕಡಿಸೂದು. ನಾಳಿಗೇ ಆಳು ಕರಸ್ತೀನಿ.”

“ಗಿಡ ಅಂತ ಕಡಿಸ್ರಿ, ನಿಮ್ಮ ಅಂಗಳ ಅದ. ದೇವಿ ಅಂತ ಸುಡಬ್ಯಾಡ್ರಿ.”

ಒಳಗೆ ಬಂದು ಬಾಗಿಲು ಹಾಕಿಕೊಂಡೆ. ಹೋಯಿತು, ನಾನೇ ನನ್ನ ಬಾಯಿಂದ ಗಿಡ ಕಡಿಸಿದೆ ಎಂದುಕೊಂಡೆ. ಆದರೂ ‘ಸುಮ್ಮನಿರಬೇಕಿತ್ತು’ ಎಂದು ಮಾತ್ರ ಅನಿಸಲಿಲ್ಲ. ಬೆಳ್ಳಿ ಕಣ್ಣು ಹಚ್ಚಿಕೊಂಡು ನಿಂತಲ್ಲೇ ಸಾಯುವುದಕ್ಕಿಂತ, ತಾನು ಏನೋ ಅದೇ ಆಗಿ ಕೊಡಲಿಯ ಎದುರು ನಿಲ್ಲುವುದು ಲೇಸು. ಗಿಡದ ಬಗ್ಗೆಯೇ ಹೇಳುತ್ತಿದ್ದೇನೆ. ನನ್ನ ಬಗ್ಗೆ ಎಂದು ತಿಳಿದುಕೊಂಡರೂ ನನ್ನ ತಕರಾರಿಲ್ಲ.

ಈಗ ನಗುವ ಭಾಗ.

ಕಡಿಯುವ ಆಳು ಸಿಗಲಿಲ್ಲ. ಊರಿನವನು ಸೊಂಟ ಹಿಡಿದಿದೆ ಎಂದ. ಮಟಮಾರಿಯ ಕಡೆಯಿಂದ ಬಂದವನು ಕೊಡಲಿ ಕೆಳಗಿಟ್ಟು, ಬೊಡ್ಡೆ ಮುಟ್ಟಿ ಕಣ್ಣಿಗೊತ್ತಿಕೊಂಡು, “ಸಾವಕಾರ್ರ, ಒರಸಿದ್ರ ಬಣ್ಣ ಹೋಗ್ತದ್ರಿ, ದೇವಿ ಹೋಗ್ತಾಳೇನ್ರಿ?” ಎಂದು ಬಂದ ದಾರಿಯಲ್ಲೇ ಹೋದ. ನಾನು ಅಷ್ಟು ಬಿಡಿಸಿ ಹೇಳಿದ್ದರೂ ಯಾರೂ ಪೂರ್ತಿ ನಂಬಿರಲಿಲ್ಲ. ಕೈ ಮುಗಿಯಲು ಹೆದರಿದರು, ಕಡಿಯಲೂ ಹೆದರಿದರು.

ಭಾವ ಅಂಗಳದಲ್ಲಿ ನಿಂತು ಜನರನ್ನೆಲ್ಲ ಬೈಯುತ್ತಿದ್ದರು. ಅತ್ತೆ ಎಲೆಯಡಿಕೆ ಕುಟ್ಟುತ್ತ ಹೇಳಿದರು. “ಮಂದೀನ ಯಾಕ ಬೈತಿ? ನೀನ ಕಡಿಯಪ್ಪಾ. ಕನಸಿನ್ಯಾಗ ಬಂದು ನಿನ್ನ ಹೆಸರು ಹಿಡದು ಕರದಿದ್ಲಲ್ಲ, ಗುರ್ತಿನಾಕಿ. ಒಂದು ಮಾತು ಕೇಳಿ ಕಡಿ.”

ಕಡಿದರೆ ಕನಸು ಸುಳ್ಳಾಗುತ್ತದೆ. ಊರಿಗೆಲ್ಲ ಹೇಳಿದ ಕನಸು! ಭಾವ ಕೊಡಲಿಯನ್ನು ಕೊಟ್ಟಿಗೆಯ ಮೂಲೆಗೆ ಒಗೆದು ಒಳಗೆ ಹೋದರು. ಅತ್ತೆ ನನ್ನ ಕಡೆ ನೋಡಲೂ ಇಲ್ಲ. ಆದರೆ ಅಂದು ಮಧ್ಯಾಹ್ನ ತಾವಾಗಿಯೇ ಚಾಪೆ ತಂದು ಗಿಡದ ಕೆಳಗೆ ಹಾಕಿ, “ಬಾ, ಇಲ್ಲಿ ಗಾಳಿ ಚಲೋ ಅದ,” ಎಂದರು. ಕುಂಕುಮವಿಲ್ಲದ ಇಬ್ಬರೂ ಅಲ್ಲಿ ಕೂತು ಜೋಳ ಹಸನು ಮಾಡಿದೆವು.

ಮಾಘದಲ್ಲಿ ಮದುವೆ ಆಯಿತು. ಹಂದರದ ಒಂದು ಬದಿಗೆ ಕಂಬ ಸಾಲದೆ ಹಗ್ಗವನ್ನು ಆ ಗಿಡಕ್ಕೇ ಕಟ್ಟಿದರು. ಬೀಗರು ಸೀಳನ್ನು ನೋಡಿ ಏನೂ ಅನ್ನಲಿಲ್ಲ, ನೆರಳಿನಲ್ಲಿ ಜಾಗಕ್ಕಾಗಿ ಒಬ್ಬರನ್ನೊಬ್ಬರು ನೂಕಾಡಿದರು. ನಾನು ಪದ್ಧತಿಯಂತೆ ನನ್ನ ಕೋಣೆಯ ಬಾಗಿಲಲ್ಲಿ ನಿಂತಿದ್ದೆ. ಅಕ್ಷತೆ ಬಿದ್ದಾಗ ತಲೆ ಎತ್ತಿ ನೋಡಿದರೆ, ಮುರುಟಿದ ಚಿಗುರಿನ ಕೆಳಗೆ ಇನ್ನೊಂದು ಕಣ್ಣು ಒಡೆದಿತ್ತು. ಕೆಂಪಗೆ.

ಆಮೇಲೆ ಪ್ರತಿ ವರ್ಷ ಮಿರಗ ಕಳೆದ ಮೇಲೆ ನಾನೇ ಕೆರೆದು, ನಾನೇ ಮೆತ್ತಿದೆ. ಯಾರೂ ಬೇಡ ಎನ್ನಲಿಲ್ಲ. ನನ್ನ ಕೈ ಸೇದಿಹೋಗಲಿಲ್ಲವಲ್ಲ, ಅದನ್ನೇ ಊರು ದೊಡ್ಡ ಸೋಜಿಗವೆಂದು ಮಾತಾಡಿತು. ಒಂದು ದಿನ ಮಗ್ಗುಲು ಮನೆಯಾಕೆ ಗೋಡೆಯ ಮೇಲಿಂದ ಇಣುಕಿ, ಆ ಕಡೆ ಈ ಕಡೆ ನೋಡಿ, “ಏನಬೇ, ನಮ್ಮ ಹುಣಸಿ ಗಿಡಕ್ಕ ಒರಲಿ ಹತ್ತ್ಯಾವು. ಬಂದು ಒಂದೀಟು ಉಡಿ ತುಂಬಿ ಹೋಗು,” ಎಂದಳು. ಈ ಸಲ ಒಳಗೆ ಯಾರೂ ನಗಲಿಲ್ಲ. ನಾನು ಕುರುಪಿ ತೆಗೆದುಕೊಂಡು ಹೋದೆ.

ದೊಡ್ಡ ಗದ್ದಲದ ವರ್ಷ, ಊರೂರು ಲೂಟಿಯಾಗುತ್ತಿದ್ದ ಹೆದರಿಕೆಗೆ, ನಾವೆಲ್ಲ ಮನೆ ಬಿಟ್ಟು ಹೊಳೆ ದಾಟಿ ಹೋಗಿದ್ದೆವು. ಮರಳಿ ಬಂದಾಗ ಮನೆಗೆ ಬಾಗಿಲು ಇರಲಿಲ್ಲ, ಕೊಟ್ಟಿಗೆ ಇರಲಿಲ್ಲ. ಗಿಡ ಇತ್ತು. ನಾನು ಮೊದಲು ಮುಟ್ಟಿ ನೋಡಿದ್ದು ಮೆತ್ತಿದ ಮಣ್ಣನ್ನು. ಗಟ್ಟಿ ಇತ್ತು. ಆಮೇಲೆ ನಿಮ್ಮ ಅಪ್ಪನ ಓದಿಗೆಂದು ರಾಯಚೂರಿಗೆ ಬಂದೆ. ಅಲ್ಲಿ ಕಾಯುವವರು ಇಲ್ಲದ ಮೇಲೆ ಕಥೆ ಬೆಳೆಯಿತು, ಮತ್ತೆ ಪಟ್ಟಿ ಬಂದವು, ಕಟ್ಟೆ ಬಂತು, ಕನಸು ಬಂತು.

ನಾನು ದೇವರ ಮೇಲೆ ಸಿಟ್ಟಿನಿಂದ ಇದನ್ನು ಬರೆದಿಲ್ಲ. ಕೈ ಮುಗಿಯುವವರು ಮುಗಿಯಲಿ. ಆದರೆ ಆ ಗಿಡ ಹೇಗೆ ಬದುಕಿತು ಎಂದು ಕೇಳಿದರೆ ಸುಳ್ಳು ಹೇಳಬೇಡಿ. ಅದಕ್ಕೆ ಒಬ್ಬಳ ಎರಡು ಕೈ ಹತ್ತಿದ್ದವು, ನಾತ ಹೊಡೆಯುವ ಕೆಸರು ಹತ್ತಿತ್ತು. ಯಾರಾದರೂ ಸಾಕ್ಷಿ ಕೇಳಿದರೆ ಮಣ್ಣಿನ ಕೆಳಗೆ ಹಸಿರು ಕುಬುಸದ ಎಳೆಯಾದರೂ ಉಳಿದಿರಬೇಕು. ಆದರೆ ತೋಡಿ ನೋಡಲು ಬಿಡಬೇಡಿ, ಗಿಡಕ್ಕೆ ನೋವಾದೀತು. ಸಾಕ್ಷಿಗೆ ಈ ಹಾಳೆಗಳೇ ಸಾಕು.

ದೇವಿಯ ಕಥೆಗೆ ಕಾಗದ ಬೇಕಿಲ್ಲ, ಅದು ಬಾಯಿಂದ ಬಾಯಿಗೆ ತಾನೇ ನಡೆದು ಹೋಗುತ್ತದೆ. ನನ್ನದು ಹಾಗಲ್ಲ, ನನ್ನ ಹಾಗೆಯೇ ಮೂಲೆ ಹಿಡಿಯುವ ಸ್ವಭಾವದ್ದು. ಗುಬ್ಬೀ, ಮುಂದಿನ ಸಲ ಹೋದಾಗ ಆ ಗಿಡದ ನಾಲ್ಕು ಎಲೆ ತಾ. ಸಣ್ಣಪ್ಪಾ, ಅವನ್ನು ನೆರಳಿನಲ್ಲಿ ಒಣಗಿಸಿ ಈ ಹಾಳೆಗಳ ನಡುವೆ ಇಡು, ಒರಲಿ ಹತ್ತುವುದಿಲ್ಲ. ಬಂಗಾರೀ, ನೀನು ದೊಡ್ಡವಳು, ಸೆರಗು ಒಡ್ಡು. ಈ ಹಾಳೆಗಳನ್ನು ನಿನ್ನ ಉಡಿಗೆ ಹಾಕಿದ್ದೇನೆ. ವಿಧವೆ ತುಂಬಿದ ಉಡಿ ನಿಲ್ಲುವುದಿಲ್ಲ ಎನ್ನುವವರು ಇನ್ನೂ ಯಾರಾದರೂ ಸಿಕ್ಕರೆ, ಅವರನ್ನು ಮಾನವಿಗೆ ಕರೆದುಕೊಂಡು ಹೋಗಿ ಆ ನೆರಳಿನಲ್ಲಿ ಕೂರಿಸು. ಹಾಳೆಗಳನ್ನು ಮಾತ್ರ ಕೈಯಿಂದ ಬಿಡಬೇಡ.